ಚಹಾ ಊದದ ಹುಸೇನಪ್ಪ

ಹುಸೇನಪ್ಪ ಚಹಾ ಊದಿ ಕುಡಿಯುತ್ತಿರಲಿಲ್ಲ. ಗಫೂರ್ ಸಾಬನ ಹೋಟೆಲಿನ ಚಹಾ ಅಂದರೆ ನಾಲಿಗೆಯ ಸಿಪ್ಪೆ ಸುಲಿಯುವಂಥದ್ದು. ನಾವೆಲ್ಲ ಬಶಿಗೆ ಸುರುವಿಕೊಂಡು ಫೂ ಫೂ ಅಂತ ಊದುತ್ತ ಕೂತರೆ, ಇವನು ಕಪ್ಪನ್ನು ಮುಂದಿಟ್ಟುಕೊಂಡು ಅದರ ಹಬೆ ಅಡಗುವ ತನಕ ಸುಮ್ಮನೆ ನೋಡುತ್ತಿರುತ್ತಿದ್ದ.

"ಯಾಕೋ ಹುಸೇನಾ, ಊದಿದ್ರ ನಿನ್ನ ಗಂಟೇನ್ ಹೋಗ್ತದ?" ಅಂತ ನಾನು ಕೆಣಕುತ್ತಿದ್ದೆ.

"ದಮ್ಮು ಹೋಗ್ತದ್ರಿ ಮಾಸ್ತರ. ಚಹಾಕ್ಕ ಯಾಕ ದಂಡ ಮಾಡ್ಲಿ? ತಾನೇ ಆರ್ತದ."

ಅಷ್ಟೇ ಮಾತು. ಮಾತನ್ನೂ ಅವನು ಹಾಗೇ ಉಳಿಸುತ್ತಿದ್ದ. ದಿನಕ್ಕೆ ಇಷ್ಟೇ ಉಸಿರು ಅಂತ ಯಾರೋ ಅಳೆದು ಕೊಟ್ಟವರ ಹಾಗೆ ಬದುಕುತ್ತಿದ್ದ ಮನುಷ್ಯ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಬ್ಬಿಣದ ಹಾರಿ ಹಿಡಿದು ಕಲ್ಲು ಎಬ್ಬಿಸುವುದು ಅವನ ಕೆಲಸ. ವಾರದ ಆರು ದಿನ ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣದ ಧೂಳಿ ಮೆತ್ತಿಕೊಂಡು ಬರುವವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಆಗ ನಿಜಾಮರ ಕಾಲ, ನಮಗೆ ಸೂಟಿ ಶುಕ್ರವಾರ. ಶುಕ್ರವಾರ ಸಂಜೆ ಹುಸೇನಪ್ಪ ಗೆರೆಯ ಹತ್ತಿರ ಬಂದು ನಿಂತರೆ, ಚಿತ್ತಾಪುರದಿಂದ ಸೇಡಂವರೆಗಿನ ಜನ ಅವನನ್ನೇ ನೋಡುತ್ತಿದ್ದರು.

ಆಟ ಹುತುತು. ಈಗಿನವರು ಕಬಡ್ಡಿ ಅನ್ನುತ್ತಾರೆ. ಒಂದೇ ಉಸಿರಿನಲ್ಲಿ ಹುತುತುತು ಅನ್ನುತ್ತ ಆಚೆಯವರ ಅಂಗಳಕ್ಕೆ ಹೋಗಬೇಕು, ಮುಟ್ಟಿದಷ್ಟು ಜನರನ್ನು ಮುಟ್ಟಿ, ಉಸಿರು ಕಡಿಯುವುದರೊಳಗೆ ತನ್ನ ಗೆರೆ ದಾಟಿ ಬರಬೇಕು. ಮುಟ್ಟಿಸಿಕೊಂಡವನು ಸತ್ತ. ಅಲ್ಲೇ ಉಸಿರು ಕಡಿದರೆ ಹೋದವನು ಸತ್ತ. ನಮ್ಮ ಕಡೆ ಇನ್ನೊಂದು ರಿವಾಜು ಇತ್ತು. ಆಟಗಾರ ಗೆರೆ ದಾಟಿದ ಅಂದರೆ ನೋಡುವವರು ತುಟಿ ಪಿಟ್ಟೆನ್ನಬಾರದು. ಕೆಮ್ಮು ಬಂದರೂ ಟವೆಲು ಬಾಯಿಗೆ ತುರುಕಿಕೊಳ್ಳಬೇಕು. ತೀರ್ಪು ಹೇಳುವ ಪಂಚ ನಡುಗೆರೆಯ ಮೇಲೆ ಬಗ್ಗಿ ನಿಂತು ಕಿವಿಯಿಂದಲೇ ಆಟ ನೋಡುತ್ತಿದ್ದ. ಅಷ್ಟು ಜನ ಪರಸಿಯ ರಾಶಿಗಳ ಮೇಲೆ ಕೂತಿದ್ದರೂ ಒಬ್ಬ ಮನುಷ್ಯನ ಉಸಿರು ಮಾತ್ರ ಕೇಳುತ್ತಿತ್ತು. ಏನು ಸುಖ ಆ ಸದ್ದು ಕೇಳುವುದು!

ಒಮ್ಮೆ ವಾಡಿಯಲ್ಲಿ, ಅಲ್ಲಿಯ ರೈಲ್ವೆ ಹುಡುಗರ ಮೇಲೆ ಆಟ. ಮೈದಾನದ ಬಾಜೂಕೇ ಹಳಿ. ಹುಸೇನಪ್ಪ ಗೆರೆ ದಾಟುವುದಕ್ಕೂ ಒಂದು ಗೂಡ್ಸ್ ಗಾಡಿ ಬರುವುದಕ್ಕೂ ಸರಿಹೋಯಿತು. ಗಾಡಿಯ ಗದ್ದಲದಲ್ಲಿ ಉಸಿರು ಕೇಳುವುದಿಲ್ಲ ಅಂತ ಪಂಚ ಅವನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು ಅವನ ಜೊತೆಗೇ ಓಡಿದ. ಗಾಡಿ ಪೂರಾ ದಾಟಿ ಹೋಗುವ ತನಕ ಇವನ ಹುತುತು ನಿಲ್ಲಲಿಲ್ಲ. ಮೂವರನ್ನು ಮುಟ್ಟಿ ಬಂದ. ನಾನು ಡಬ್ಬಿ ಎಣಿಸಿದ್ದೆ, ಹದಿನೇಳು. ಗಫೂರ್ ಆ ವರ್ಷ ಇಪ್ಪತ್ತು ಅಂದ. ಮರುವರ್ಷ ಇಪ್ಪತ್ತೈದು ಆಯಿತು. ಆಮೇಲೆ ಮೂವತ್ತು.

"ಲೇ ಗಫೂರ್, ಅಷ್ಟು ಡಬ್ಬಿ ಎಳೀಲಿಕ್ಕ ಆ ಇಂಜಿನ್ನಿಗೆ ಶಕ್ತಿ ಎಲ್ಲ್ಯಾದೋ?" ಅಂತ ನಾನು ಅಂದರೆ, "ಹಿಂದಕೊಂದು ಇಂಜಿನ್ ಇತ್ತಲ್ಲ ನಾಗಪ್ಪ, ನೀ ನೋಡೇ ಇಲ್ಲ!" ಅನ್ನುತ್ತಿದ್ದ ಕಳ್ಳ.

ನನ್ನದು ಹೋಟೆಲಿನ ಪಕ್ಕದ ದರ್ಜಿ ಅಂಗಡಿ, ಅದಕ್ಕೇ ಮಂದಿಗೆಲ್ಲ ನಾನು ಟೇಲರ್ ಮಾಸ್ತರ. ಹುತುತು ಆಡುವವರೆಲ್ಲ ಬರೀ ಮೈಯಲ್ಲಿ ಆಡಿದರೆ ಹುಸೇನಪ್ಪ ಒಬ್ಬನೇ ತೋಳಿಲ್ಲದ ಬಿಳಿ ಅಂಗಿ ತೊಟ್ಟು ಆಡುತ್ತಿದ್ದ. ಬರೀ ಎದೆ ತೋರಿಸಿದರೆ ದೃಷ್ಟಿ ಆಗುತ್ತದೆ ಅಂತ ಅವನ ತಾಯಿ ಆಣೆ ಹಾಕಿಸಿದ್ದಳು. ತಾಯಿ ಸತ್ತ ಮೇಲೂ ಬಿಡಲಿಲ್ಲ. ಆದರೆ ಅಂಗಿ ಮೈಗೆ ಅಂಟಿಕೊಂಡಿರಬೇಕು, ಚಿಮಟಿಗೂ ಸಿಗಬಾರದು. ಬಟ್ಟೆ ಹಿಡಿದರೂ ಮನುಷ್ಯನನ್ನು ಹಿಡಿದ ಹಾಗೇ ಲೆಕ್ಕ. ಅದಕ್ಕೇ ಪ್ರತಿವರ್ಷ ಸುಗ್ಗಿ ಮುಗಿದ ಮೊದಲ ಶುಕ್ರವಾರ ಅವನು ಹೊಸ ಅಂಗಿಗೆ ಅಳತೆ ಕೊಡಲು ಬರುತ್ತಿದ್ದ. ಅದೊಂದು ಜಾತ್ರೆಯೇ ಅನ್ನಿ. ಅಂಗಡಿಯ ಮುಂದೆ ಗಣಿಯವರು, ಹಮಾಲರು, ಬಾಜಾರದ ಮಂದಿ ಎಲ್ಲ ನೆರೆಯುತ್ತಿದ್ದರು. ಅವನು ಉಸಿರು ಎಳೆದುಕೊಂಡು ನಿಂತರೆ ಟೇಪು ನನ್ನ ಬೆರಳಿನಿಂದ ಜಾರುತ್ತಿತ್ತು. ನಾನು ಜನರ ಕಡೆ ತಿರುಗಿ "ಮೂವತ್ತೆಂಟು!" ಅಂತ ಕೂಗುತ್ತಿದ್ದೆ. ಹೋ ಅನ್ನುತ್ತಿದ್ದರು. ಅವನ ಎದೆ ನನ್ನದೇ ದುಡಿಮೆ ಅನ್ನುವ ಹಾಗೆ ನಾನೂ ಸೆಟೆದು ನಿಲ್ಲುತ್ತಿದ್ದೆ.

ಆ ದೊಡ್ಡ ಯುದ್ಧ ನಡೆದು ಬಟ್ಟೆಗೆ ಬರ ಬಂದ ಕಾಲದಲ್ಲಿ, ಒಂದು ವರ್ಷ ಟೇಪು ಮೂವತ್ತೇಳಕ್ಕೇ ನಿಂತಿತು. "ಇನ್ನ ಜರಾ ಎಳಕೋ," ಅಂದೆ. "ಎಳಕೊಂಡೀನ್ರಿ," ಅಂದ, ಕಣ್ಣು ಕೆಂಪಾಗಿತ್ತು. ಹೊರಗೆ ಜನ ಕಾಯುತ್ತಿದ್ದರು. ಗಫೂರ್ ಚಹಾದ ಕೆಟ್ಲಿ ಹಿಡಿದುಕೊಂಡೇ ಬಂದು ನಿಂತಿದ್ದ. ನನ್ನ ಬಾಯಿಗೆ ಅದೇನು ಬಡಿದಿತ್ತೋ, "ಮೂವತ್ತೆಂಟು!" ಅಂತ ಕೂಗಿಬಿಟ್ಟೆ. ಹಾಗೆ ಕೂಗಿದ ಮೇಲೆ ಕತ್ತರಿಸುವುದೂ ಮೂವತ್ತೆಂಟಕ್ಕೇ ಅಲ್ಲವೇ? ಇಲ್ಲದಿದ್ದರೆ ಹಳೆಯ ಅಂಗಿಯ ಪಕ್ಕ ಇಟ್ಟ ಕೂಡಲೇ ಅವನಿಗೆ ತಿಳಿದುಹೋಗುತ್ತಿತ್ತು.

ಮರುವರ್ಷ ಮೂವತ್ತಾರು. ಅದರ ಮರುವರ್ಷ ಮೂವತ್ತೈದಕ್ಕೆ ಬಂತು. ನಾನು ಕೂಗಿದ್ದು ಮೂವತ್ತೆಂಟೇ.

"ಮಾಸ್ತರ, ಅಂಗಿ ಸಡ್ಲ ಆಗೇದಲ್ರಿ?" ಅಂತ ಅವನು ಬಗಲಲ್ಲಿ ಬಟ್ಟೆ ಎಳೆದು ತೋರಿಸಿದ.

"ಯುದ್ಧದ ಬಟ್ಟಿ ಹಂಗೇ ಇರ್ತದಪ್ಪ. ನೀರಿಗೆ ಹಾಕಿದ್ರ ಸಣ್ಣ ಆಗ್ತದ," ಅಂದೆ. ನಂಬಿದ. ದರ್ಜಿಯ ಮಾತನ್ನು ನಂಬದೆ ಇನ್ನೇನು ಮಾಡುತ್ತಾನೆ?

ಅವನು ಒಂದು ದಿನ ಹೋಟೆಲಿನಲ್ಲಿ ತಾನಾಗಿಯೇ ಬಾಯಿ ಬಿಟ್ಟ. "ಈ ವರ್ಷ ಆಡಿ ಬಿಟ್ಟುಬಿಡ್ತೀನ್ರಿ. ಮುಂಜಾನೆ ಎದ್ದರ ಎದಿ ಗೊರಗೊರ ಅಂತದ." ಗಫೂರ್ ಅವನನ್ನು ಮುಗಿಸಲು ಬಿಡಲಿಲ್ಲ. "ಬಿಡೂದಂದ್ರೇನು? ಮೂವತ್ತೈದು ಡಬ್ಬಿ ಗಾಡಿ ದಾಟಿಸ್ದಾಂವ ನೀ!" ಅಂತ ಶುರು ಮಾಡಿದ. ನಾನು, ಇಲ್ಲ ಹದಿನೇಳು ಅಂದೆ. ಇನ್ನೊಬ್ಬ ಚಿತ್ತಾಪುರದ ಆಟ ತೆಗೆದ. ಮತ್ತೊಬ್ಬ ಸೇಡಂನ ಪೈಲವಾನನನ್ನು ಇವನು ಹೊತ್ತುಕೊಂಡೇ ಗೆರೆ ದಾಟಿದ ಸುದ್ದಿ ತೆಗೆದ. ಒಂದು ತಾಸು ಅದೇ ಮಾತು. ನಡುವೆ ಹುಸೇನಪ್ಪ ತನ್ನ ಚಹಾ ಆರುವುದನ್ನು ನೋಡುತ್ತ ಕೂತಿದ್ದ. ಅವನ ಮುಂದೆಯೇ ಅವನನ್ನು ಹಾಡಿ ಹೊಗಳುತ್ತಿದ್ದ ನಮ್ಮಲ್ಲಿ, ಎದೆ ಯಾಕಪ್ಪ ಗೊರಗೊರ ಅಂತದ ಅಂತ ಒಬ್ಬರೂ ಕೇಳಲಿಲ್ಲ. ಅಷ್ಟು ಮಂದಿಯ ನಡುವೆ ಅಷ್ಟು ಒಂಟಿಯಾಗಿ ಕೂತವನನ್ನು ನಾನು ಮತ್ತೆ ನೋಡಿಲ್ಲ. ಅವನು ಯಾವಾಗ ಎದ್ದು ಹೋದ ಅನ್ನುವುದೂ ನಮಗೆ ತಿಳಿಯಲಿಲ್ಲ.

ಆ ವರ್ಷದ ಕೊನೆಯ ಆಟ ನಮ್ಮ ಶಹಾಬಾದಿನಲ್ಲೇ ಆಯಿತು. ಎದುರಿಗೆ ಮತ್ತೆ ವಾಡಿಯವರು. ಆಡುತ್ತ ಆಡುತ್ತ ನಮ್ಮ ಕಡೆ ಹುಸೇನಪ್ಪ ಒಬ್ಬ ಉಳಿದ, ಅವರ ಕಡೆ ಇಬ್ಬರು. ಇಬ್ಬರನ್ನೂ ಮುಟ್ಟಿ ಬಂದರೆ ಗೆದ್ದೆವು. ಅವನು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಗೆರೆ ದಾಟಿದ. ಮೈದಾನ ಗಪ್ಪಾಯಿತು. ಹುತುತುತು, ಹುತುತುತು. ಸದ್ದು ಸಣ್ಣದಿತ್ತು, ಆದರೆ ಇತ್ತು. ಒಬ್ಬನ ಮೊಣಕಾಲು ಮುಟ್ಟಿದ. ತಿರುಗುವಾಗ ಇನ್ನೊಬ್ಬನ ಭುಜ ತಟ್ಟಿದ. ಇನ್ನು ಗೆರೆಗೆ ಎಂಟೇ ಹೆಜ್ಜೆ. ಅಷ್ಟರಲ್ಲಿ ಆ ಎರಡನೆಯವನು ಹಿಂದಿನಿಂದ ಕೈ ಹಾಕಿದ. ಅವನ ಕೈಗೆ ಹುಸೇನಪ್ಪ ಸಿಗಲಿಲ್ಲ, ಅಂಗಿ ಸಿಕ್ಕಿತು. ನಾನು ಹೊಲಿದ ಅಂಗಿ, ಒಂದು ಮುಷ್ಟಿ ತುಂಬ.

ವಾಡಿಯವನು ಎಳೆದ, ಹುಸೇನಪ್ಪ ಮುಂದಕ್ಕೆ ಜಗ್ಗಿದ. ನಾಲ್ಕು ಹೆಜ್ಜೆ, ಮೂರು ಹೆಜ್ಜೆ. ಅಲ್ಲಿಗೆ ಸದ್ದು ನಿಂತುಹೋಯಿತು. ಅಳತೆಯ ಟೇಪು ಹಿಡಿದವನು ನಾನು, ಆ ಎದೆಯಲ್ಲಿ ಇನ್ನು ಏನೂ ಉಳಿದಿಲ್ಲ ಅಂತ ನನಗೆ ಗೊತ್ತಿತ್ತು. ಪಂಚ ಇನ್ನೂ ಕೈ ಎತ್ತಿರಲಿಲ್ಲ. ನಾನು ಬಾಯಿ ತೆರೆದೆ.

"ಹುತುತುತುತು!"

ನನ್ನ ಹಿಂದೆಯೇ ಗಫೂರ್ ಶುರು ಮಾಡಿದ. ಅವನ ಹಿಂದೆ ಗಣಿಯವರು, ಹಮಾಲರು, ಪರಸಿ ರಾಶಿಯ ಮೇಲಿದ್ದ ಊರಿಗೆ ಊರೇ ಹುತುತು ಅನ್ನತೊಡಗಿತು. ಪಂಚ ಕಿವಿ ಅತ್ತ ತಿರುಗಿಸುತ್ತಾನೆ, ಇತ್ತ ತಿರುಗಿಸುತ್ತಾನೆ, ಯಾರ ಉಸಿರು ಅಂತ ಹಿಡಿಯುವುದು? ಹುಸೇನಪ್ಪನ ಕೈ ಗೆರೆಯ ಮೇಲೆ ಬಿತ್ತು. ಪಂಚ ನಮ್ಮ ಕಡೆ ಕೈ ಮಾಡಿದ. ಗೆದ್ದೆವು! ಗಫೂರ್ ನನ್ನನ್ನು ಎತ್ತಿ ಕುಣಿಯಲಿಕ್ಕೆ ಹತ್ತಿದ.

ಹುಸೇನಪ್ಪ ಬಹಳ ಹೊತ್ತು ಮಣ್ಣಿನಲ್ಲೇ ಬಿದ್ದಿದ್ದ. ಆಮೇಲೆ ಎದ್ದು, ಹೆಗಲ ಮೇಲೆ ಹೊರಲು ಬಂದವರನ್ನು ಸರಿಸಿ ಪಂಚನ ಮುಂದೆ ಹೋಗಿ ನಿಂತ.

"ನಾ ಸತ್ತೀನ್ರಿ. ಮೂರು ಹೆಜ್ಜಿ ಆ ಕಡಿಗೇ ಸತ್ತೀನಿ. ಒದರಿದ್ದು ಇವರು, ನಾ ಅಲ್ಲ."

ಆಟ ವಾಡಿಯವರಿಗೆ ಹೋಯಿತು. ಅಷ್ಟು ಹೊತ್ತು ಕುಣಿದವರೆಲ್ಲ ಅವನಿಗೇ ತಿರುಗಿ ಬಿದ್ದರು. "ಇದ್ದೂರಿನ ಮಾನ ಕಳೆದ," ಅಂತ ಒಬ್ಬ. "ಕೈಗೆ ಬಂದದ್ದು ಒದ್ದ ನೋಡು, ಎಂಥಾ ಹುಚ್ಚ ಇರಬೇಕು," ಅಂತ ಇನ್ನೊಬ್ಬ. ಅವನು ಗುಂಪನ್ನು ದಾಟಿಕೊಂಡು ನೇರ ನನ್ನ ಮುಂದೆ ಬಂದ. ಅಂಗಿ ಬಿಚ್ಚಿದ. ತಾಯಿಯ ಆಣೆ ಮೀರಿ ಅಷ್ಟು ಜನರ ಮುಂದೆ ಬರೀ ಎದೆಯಲ್ಲಿ ನಿಂತ. ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು.

"ಇದು ಯಾರ ಅಳತೀದ್ರಿ ಮಾಸ್ತರ?" ಅಂತ ಕೇಳಿ, ಅಂಗಿಯನ್ನು ನನ್ನ ಕೈಯಲ್ಲಿಟ್ಟು ಹೊರಟುಹೋದ.

ಆಮೇಲೆ ಅವನು ಹೋಟೆಲಿಗೆ ಬರಲಿಲ್ಲ. ಗಣಿಯನ್ನೂ ಬಿಟ್ಟು, ಚಿಂಚೋಳಿ ಕಡೆಯ ಐನಾಪುರದಲ್ಲಿ ಅಕ್ಕ ಶರಣಮ್ಮನ ಮನೆ ಸೇರಿಕೊಂಡ ಅಂತ ಸುದ್ದಿ ಬಂತು. ಹೋಗಬೇಕು, ಮಾಫಿ ಕೇಳಬೇಕು ಅಂತ ಪ್ರತಿ ಶುಕ್ರವಾರ ಅಂದುಕೊಂಡೆ. ಹೋಗಲಿಲ್ಲ. ನಾಚಿಕೆ, ಮತ್ತೇನು? ಎರಡು ಸುಗ್ಗಿ ಹಾಗೇ ಕಳೆದವು. ಆಮೇಲೆ ನಿಜಾಮರ ರಾಜ್ಯ ಮುಗಿದ ಗಲಾಟೆಯ ವರ್ಷ ಬಂತು. ಸಂಜೆಯ ಆಟ ನಿಂತಿತು, ಜನ ಕದ ಹಾಕಿಕೊಂಡು ಕೂತರು. ಗಫೂರ್ ಹೋಟೆಲ್ ಮುಚ್ಚಿ ಹೈದರಾಬಾದಿನ ಮಗಳ ಮನೆಗೆ ಹೋದವನು ತಿರುಗಿ ಬರಲಿಲ್ಲ. ಪಕ್ಕದಲ್ಲಿ ಕಪ್ಪು ಬಶಿಯ ಸದ್ದೂ ಇಲ್ಲದೆ ಒಬ್ಬನೇ ಕೂತು ಮಿಶನ್ ತುಳಿಯುವಾಗ, ಮಾತಾಡಲಿಕ್ಕೆ ಉಳಿದವನು ಅವನೊಬ್ಬನೇ ಅನ್ನಿಸಿತು. ದಾರಿ ತಿಳಿಯಾದ ಮೇಲೆ ಟೇಪು ಕಿಸೆಗೆ ಹಾಕಿಕೊಂಡು ಐನಾಪುರಕ್ಕೆ ಹೊರಟೆ.

ಕಟ್ಟೆಯ ಮೇಲೆ ಕೌದಿ ಹೊದ್ದು ಕೂತಿದ್ದ. ಕೂತಲ್ಲೇ ನನ್ನನ್ನು ಗುರುತು ಹಿಡಿದು, "ಬರ್ರಿ ಮಾಸ್ತರ, ಕುಂದ್ರಿ," ಅಂದ, ನಿನ್ನೆ ಕಂಡವನಿಗೆ ಹೇಳುವ ಹಾಗೆ. ಶರಣಮ್ಮ ಇಬ್ಬರಿಗೂ ಚಹಾ ತಂದಿಟ್ಟಳು. ಹುಸೇನಪ್ಪ ಬಶಿಗೆ ಸುರುವಿಕೊಂಡು ಫೂ ಅಂತ ಊದಿದ. ಒಂದು ಸಲ ಊದಿ ನಿಂತು, ಉಸಿರು ಕೂಡಿಸಿಕೊಂಡು ಮತ್ತೊಂದು ಸಲ ಊದಿದ. ನನಗೆ ನೋಡಲಾಗಲಿಲ್ಲ. ಅಳು ಬಂತು, ಅತ್ತೆ.

"ಹುಸೇನಾ, ಮೊದಲು ಒದರಿದಾಂವ ನಾನೇ. ಅಂಗಿ ಸಡ್ಲ ಹೊಲದಾಂವನೂ ನಾನೇ."

"ಗೊತ್ತದ್ರಿ. ನಿಮ್ಮ ದನಿ ನನಗ ಗುರ್ತಿಲ್ಲೇನು?" ಬಶಿ ಕೆಳಗಿಟ್ಟು, "ಟೇಪು ತಂದೀರೇನ್ರಿ?" ಅಂತ ಕೇಳಿದ.

ಕೌದಿ ಸರಿಸಿ, ಗೋಡೆ ಹಿಡಿದು ಎದ್ದು ನಿಂತ. ನಾನು ಎದೆಗೆ ಟೇಪು ಸುತ್ತಿದೆ.

"ಉಸಿರು ಎಳಕೋ," ಅಂದೆ.

"ಎಳಕೊಂಡೀನ್ರಿ."

ಟೇಪು ಒಂದು ಎಳೆಯೂ ಸರಿಯಲಿಲ್ಲ. "ಎಷ್ಟದ ಮಾಸ್ತರ?" ಅಂದ. ಸುತ್ತ ಯಾವ ಜನವೂ ಇರಲಿಲ್ಲ, ಕೂಗಬೇಕಾಗಿರಲಿಲ್ಲ. ಆದರೂ ನನ್ನ ಬಾಯಿಯಲ್ಲಿ ಮೂವತ್ತೆಂಟು ಬಂದು ನಿಂತಿತ್ತು. ನುಂಗಿಕೊಂಡೆ.

"ಮೂವತ್ತೊಂದು," ಅಂದೆ.

ಹುಸೇನಪ್ಪ ನಕ್ಕ. "ಈಗ ಬರಾಬರ್ ಅಳದ್ರಿ. ಇದಕ್ಕ ಒಂದು ಹೊಲೀರಿ. ಚಿಮಟಿಗಿ ಸಿಗಬಾರದು ಮತ್ತ."

ಅಂಥ ಅಂಗಿ ನಾನು ಜನ್ಮದಲ್ಲಿ ಹೊಲಿದಿರಲಿಲ್ಲ. ಮಿಶನ್ನಿಗೆ ಕೊಡದೆ ಕೈಯಿಂದಲೇ ಹೊಲಿದೆ. ಅದಕ್ಕೇ ತಡವಾಯಿತು. ಮೂರನೆಯ ಶುಕ್ರವಾರ ತೆಗೆದುಕೊಂಡು ಹೋದಾಗ ಕಟ್ಟೆ ಖಾಲಿ ಇತ್ತು. ಶರಣಮ್ಮ ಒಳಗಿನಿಂದ ಬಂದು, "ಮಣ್ಣು ಮಾಡಿ ನಾಕು ದಿನ ಆತು ಅಣ್ಣಾ. ಭಾಳ ಹಾದಿ ನೋಡ್ದ," ಅಂದಳು. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿ ಮತ್ತೆ ನನ್ನ ಕೈಗೇ ಕೊಟ್ಟಳು. "ಅವಗ ಹೊಲದದ್ದು. ನೀವೇ ಇಟ್ಕೋರಿ."

ಅಂಗಡಿಯಲ್ಲಿ ಗೂಟಕ್ಕೆ ಹಾಕಿದ್ದೇನೆ. ಬಂದವರು ಸಾಲೀ ಹುಡುಗನದೇನು ಅಂತ ಕೇಳುತ್ತಾರೆ. ಅಲ್ಲ, ಹುತುತು ಆಡುವ ಹುಸೇನಪ್ಪನದು ಅಂದರೆ, ಯಾವ ಹುಸೇನಪ್ಪ ಅನ್ನುತ್ತಾರೆ. ಆಗ ವಾಡಿಯ ಗೂಡ್ಸ್ ಗಾಡಿಯ ಸುದ್ದಿ ಹೇಳುತ್ತೇನೆ. ಗಫೂರ್ ಇದ್ದಿದ್ದರೆ ಇಷ್ಟೊತ್ತಿಗೆ ಐವತ್ತು ಡಬ್ಬಿ ದಾಟಿಸಿರುತ್ತಿದ್ದ. ಎಷ್ಟು ಡಬ್ಬಿ ಇದ್ದವು ಅಂತ ಅವರು ಕೇಳಿದರೆ ನಾನು ಹದಿನೇಳು ಅನ್ನುತ್ತೇನೆ. ಒಂದೂ ಹೆಚ್ಚು ಹೇಳುವುದಿಲ್ಲ.