ಬ್ರೇಕಕ್ಕನ ರಕ್ತಸಂಬಂಧ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯಸ್ಸು ಕಳೆದದ್ದರಿಂದ ಅವಳಿಗೆ ಬ್ರೇಕಕ್ಕ ಎಂಬ ಹೆಸರು ಬಿತ್ತು. ಎತ್ತರದ ಆಳು, ಮೋಟು ಕೂದಲು, ದೊಡ್ಡ ಗಂಟಲು. ಎದುರಿಗೆ ಲಾರಿ ಬಂದರೂ ಕೂಗುತ್ತಿರಲಿಲ್ಲ. ಲಾರಿ ಹೋದ ಮೇಲೆ ಕೂಗುತ್ತಿದ್ದಳು.

ಮೂವತ್ತು ದಾಟಿದ ಹೊಸದರಲ್ಲಿ ತಲೆನೋವು ಶುರುವಾಯಿತು. ರಸ್ತೆಯ ತುದಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿದರು.

"ಬಿಪಿ ಜಾಸ್ತಿ ಇದೆ. ಮದುವೆ?"

"ಆಗಿಲ್ಲ."

"ಅದೇ ಮತ್ತೆ! ಮೊದಲು ಮದುವೆ ಮಾಡ್ಕೊಳ್ಳಿ. ಅರ್ಧ ಬಿಪಿ ತಾನಾಗೇ ಇಳಿಯುತ್ತೆ."

ಮಾತ್ರೆಯ ಮಾತು ಬರುವಷ್ಟರಲ್ಲಿ ಬ್ರೇಕಕ್ಕ ಚಪ್ಪಲಿ ಮೆಟ್ಟಿಯಾಗಿತ್ತು. ಇನ್ನೊಂದು ಪ್ರಶ್ನೆ ಕೇಳಿದರೆ ಎಲ್ಲಿ ನಿಜ ಹೇಳಿಬಿಡುತ್ತೇನೋ ಎಂಬ ಹೆದರಿಕೆ. ತನ್ನ ಮನಸ್ಸು ಹೆಣ್ಣಿಗಲ್ಲದೆ ಗಂಡಿಗೆ ಒಲಿಯುವುದಿಲ್ಲ ಎಂದು ಅವಳು ಮನೆಯಲ್ಲಿ ಹೇಳಿದ ದಿನವೇ ಅಣ್ಣ ಮಾತು ಬಿಟ್ಟಿದ್ದ. ಈಗ ಡಾಕ್ಟರೂ ಬಿಡುವುದು ಬೇಡವೆಂದು ತಾನೇ ಮುಂದಾಗಿ ಡಾಕ್ಟರನ್ನು ಬಿಟ್ಟಳು.

ಮುಂದಿನ ವರ್ಷ ಭೂಗೋಳದ ಟೀಚರೊಬ್ಬಳು ಕಾರು ಕಲಿಯಲು ಬಂದಳು. ಗುಂಡಗೆ, ಬೆಳ್ಳಗೆ, ದಿಂಬಿನ ಮೇಲೆ ಕೂತರೆ ಮಾತ್ರ ರಸ್ತೆ ಕಾಣುವಷ್ಟು ಎತ್ತರ. ಭೂಪಟವೆಲ್ಲ ಬಾಯಿಪಾಠ, ಆದರೆ ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುತ್ತಿದ್ದಳು. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದಳು.

"ನಿಜ ಹೇಳಿ, ನಿಮಗೆ ಬರಲ್ವೋ, ಬೇಕಂತಲೇ ಮಾಡ್ತೀರೋ?" ಎಂದು ಒಂದು ದಿನ ಬ್ರೇಕಕ್ಕ ರೇಗಿದಳು.

"ಪಾಸಾದ್ರೆ ನೀವು ಪಕ್ಕದಲ್ಲಿ ಕೂರಲ್ವಲ್ಲ" ಎಂದಳು ಟೀಚರ್.

ಆ ಹೊತ್ತು ಬ್ರೇಕಕ್ಕ ಬ್ರೇಕ್ ಮರೆತಳು. ಕಾರು ಹೋಗಿ ಕಸದ ತೊಟ್ಟಿಗೆ ಮುತ್ತಿಟ್ಟಿತು.

ಇಬ್ಬರೂ ಸೇರಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಕೇಳಲು ಹೋದಾಗ ಓನರಮ್ಮ, "ನೀವಿಬ್ರೂ ಏನಾಗ್ಬೇಕು?" ಎಂದರು. "ಅಕ್ಕ ತಂಗಿ" ಎಂಬ ಉತ್ತರ ಟೀಚರ ಬಾಯಿಂದ ಹಾರಿತು. ಓನರಮ್ಮ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಹೇಳೋದೇ ಬೇಡ, ಮೂಗು ನೋಡಿದ್ರೇ ಗೊತ್ತಾಗುತ್ತೆ" ಎಂದು ಬೀಗದ ಕೈ ಕೊಟ್ಟರು.

ಸಂಸಾರ ಸುಖವಾಗಿಯೇ ಸಾಗಿತು. ತಲೆನೋವು ಬಂದಾಗಲೆಲ್ಲ ಟೀಚರ್ ಡಾಕ್ಟರ ಹತ್ತಿರ ಹೋಗೋಣವೆಂದು ಗೋಗರೆಯುತ್ತಿದ್ದಳು. ಬ್ರೇಕಕ್ಕನದು ಒಂದೇ ಉತ್ತರ: "ಅವರು ಹೇಳಿದ ಔಷಧಿ ಮಾಡಾಯ್ತಲ್ಲ, ನಿನ್ನ ಕಟ್ಕೊಂಡಿಲ್ವ? ಆದ್ರೂ ಇಳಿದಿಲ್ಲ ಅಂದ್ರೆ ತಪ್ಪು ನಿಂದು." ಟೀಚರ್ ನಗುತ್ತಿದ್ದಳು. ನಕ್ಕ ಮೇಲೆ ಜಗಳಕ್ಕೆ ಬಲ ಉಳಿಯುತ್ತಿರಲಿಲ್ಲ.

ಐವತ್ತರ ಹತ್ತಿರ ಕಾಲು ಊದಿಕೊಂಡವು. ಬ್ರೇಕಿನ ಮೇಲಿಟ್ಟ ಪಾದಕ್ಕೆ ಚಪ್ಪಲಿಯೇ ಹಿಡಿಸದಾಯಿತು. ಆಗ ಮಾತ್ರ ಟೀಚರ್ ಅವಳನ್ನು ಎಳೆದುಕೊಂಡೇ ದೊಡ್ಡಾಸ್ಪತ್ರೆಗೆ ಒಯ್ದಳು. ಎರಡೂ ಕಿಡ್ನಿ ಮುಗಿದಿದ್ದವು. "ಇಷ್ಟು ವರ್ಷ ಬಿಪಿ ಹೀಗೇ ಬಿಟ್ರಾ? ಯಾರೂ ಏನೂ ಹೇಳಲಿಲ್ವಾ?" ಎಂದರು ಅಲ್ಲಿಯ ಡಾಕ್ಟರಮ್ಮ. "ಹೇಳಿದ್ರು" ಎಂದಳು ಬ್ರೇಕಕ್ಕ.

ತಂಗಿ ಎಂದಿದ್ದರಿಂದ ಟೀಚರಿಗೆ ವಾರ್ಡಿನೊಳಗೆ ಪ್ರವೇಶ ಸಿಕ್ಕಿತು. ತಂಗಿಯೆಂದ ಮೇಲೆ ಕಿಡ್ನಿಯೂ ಕೊಡಬಹುದಲ್ಲ ಎಂದು ಡಾಕ್ಟರಮ್ಮನೇ ಹುರುಪಿನಿಂದ ಪರೀಕ್ಷೆಗಳಿಗೆ ಕಳಿಸಿದರು. ಫಲಿತಾಂಶ ಬಂದಾಗ ಟೀಚರನ್ನು ಒಳಕೋಣೆಗೆ ಕರೆದು, ಬಾಗಿಲು ಮುಚ್ಚಿ, ನೀರು ಕೊಟ್ಟು, ದನಿ ತಗ್ಗಿಸಿದರು.

"ಕಿಡ್ನಿ ಚೆನ್ನಾಗಿ ಹೊಂದುತ್ತೆ. ಆದ್ರೆ... ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಿಮ್ಮಿಬ್ಬರ ಮಧ್ಯೆ ರಕ್ತಸಂಬಂಧವೇ ಇಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಸಾಕಿದ ಮಗು ಇರಬೇಕು."

"ಯಾರು?" ಎಂದಳು ಟೀಚರ್, ಏನಾದರೊಂದು ಹೇಳಬೇಕಲ್ಲ ಎಂದು.

"ಅದು ಟೆಸ್ಟಲ್ಲಿ ಗೊತ್ತಾಗಲ್ಲ. ನಿಮ್ಮಕ್ಕನಿಗೆ ಈಗಲೇ ಹೇಳ್ಬೇಡಿ, ಪಾಪ."

ಟೀಚರ್ ಹೋಗಿ ಹೇಳಿದಳು. ಬ್ರೇಕಕ್ಕ ನಕ್ಕ ರಭಸಕ್ಕೆ ನರ್ಸ್ ಓಡಿಬಂದಳು. ನಗು ನಿಂತ ಮೇಲೆ ಇಬ್ಬರೂ ಡಾಕ್ಟರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆ ಒಳ್ಳೆಯ ಹೆಂಗಸು, ಮುಖ ಸಿಂಡರಿಸಲಿಲ್ಲ. "ಗಂಡ ಹೆಂಡ್ತಿ ಆಗಿದ್ರೂ ನಡೀತಿತ್ತು, ಅಕ್ಕ ತಂಗಿ ಆಗಿದ್ರೂ ನಡೀತಿತ್ತು. ಕಾನೂನಿನ ಲೆಕ್ಕದಲ್ಲಿ ನೀವು ಏನೂ ಅಲ್ಲ. ಹೊರಗಿನವರು ಕಿಡ್ನಿ ಕೊಡೋಕೆ ಸರ್ಕಾರದ ಸಮಿತಿ ಒಪ್ಪಬೇಕು, ಅವರು ಒಪ್ಪಲ್ಲ. ಒಡಹುಟ್ಟಿದವರು ಬೇರೆ ಯಾರೂ ಇಲ್ವಾ?" ಎಂದರು.

ಅಣ್ಣನಿಗೆ ಟೀಚರೇ ಫೋನ್ ಮಾಡಿದಳು. ಅವನು ಬರುವುದಿಲ್ಲವೆಂದು ಇಬ್ಬರಿಗೂ ಬಾಜಿ ಕಟ್ಟುವಷ್ಟು ಖಾತ್ರಿಯಿತ್ತು. ಮರುದಿನವೇ ಬಂದ. ಕೂದಲು ನೆರೆತಿತ್ತು, ಉಳಿದಂತೆ ಕೆಂಪುಕೆಂಪಾಗಿ ಗಟ್ಟಿಮುಟ್ಟಾಗಿದ್ದ. ಡಾಕ್ಟರಮ್ಮನನ್ನು ಕಂಡು ಬಂದು ತಂಗಿಯ ಮಂಚದ ಪಕ್ಕ ಕೂತು, ಫ್ಯಾನ್ ನೋಡುತ್ತ ಹೇಳಿದ.

"ನನ್ನದೂ ತಗೊಳಲ್ವಂತೆ. ನಂಗೂ ಬಿಪಿ. ನಿಂಗೆ ಬಂದ ವಯಸ್ಸಿಗೇ ಬಂತು, ಅಪ್ಪನ ಕಡೆಯಿಂದ."

"ಮತ್ತೆ ನೀನು ಹೇಗೆ ಹೀಗಿದೀಯ?"

"ಡಾಕ್ಟ್ರು ಮಾತ್ರೆ ಕೊಟ್ರು. ನಿನ್ನತ್ತಿಗೆ ದಿನಾ ಬೆಳಿಗ್ಗೆ ಕೈಗಿಡ್ತಾಳೆ."

"ಮದುವೆ ಮಾಡ್ಕೋ ಅನ್ಲಿಲ್ವಾ?"

"ಆಗಿತ್ತಲ್ಲ" ಎಂದ ಅಣ್ಣ. ಆಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡ. ಅವನ ಬೆನ್ನು ಅಲುಗುತ್ತಿತ್ತು.

ಬ್ರೇಕಕ್ಕ ಯಂತ್ರದಿಂದ ರಕ್ತ ತೊಳೆಸಿಕೊಳ್ಳುತ್ತ ಇನ್ನೂ ಕೆಲವು ವರ್ಷ ಬದುಕಿದಳು. ಯಂತ್ರಕ್ಕೆ ಹೋಗದ ದಿನ ಕಾರಿನಲ್ಲಿ ಕೂತು ಕೂಗುತ್ತಿದ್ದಳು. ಅಣ್ಣ ಆಗಾಗ ಬಂದು, ಟೀಚರನ್ನು ಏನೆಂದು ಕರೆಯಬೇಕೋ ತಿಳಿಯದೆ "ಇವ್ರೇ" ಎನ್ನುತ್ತಿದ್ದ.

ಅವಳು ತೀರಿಕೊಂಡಾಗ ಬಂದವರೆಲ್ಲ ಅಣ್ಣನ ಕೈಹಿಡಿದು ಸಮಾಧಾನ ಹೇಳಿದರು. ಓನರಮ್ಮ ಮಾತ್ರ ಟೀಚರನ್ನು ತಬ್ಬಿಕೊಂಡು, "ಒಡಹುಟ್ಟಿದ ಅಕ್ಕನ್ನ ಕಳ್ಕೊಂಡ್ಯಲ್ಲಮ್ಮ" ಎಂದು ಅತ್ತರು.

ಶಾಲೆಯಲ್ಲಿ ರಜೆ ಕೇಳುವುದು ಕಷ್ಟವಾಯಿತು. ಒಡಹುಟ್ಟಿದವರು ಸತ್ತರೆ ರಜೆ ಉಂಟು, ಆದರೆ ಟೀಚರ್ ಒಬ್ಬಳೇ ಮಗಳೆಂದು ಅಲ್ಲಿ ಎಲ್ಲರಿಗೂ ಗೊತ್ತು. ಜ್ವರವೆಂದು ಹೇಳಿ ಮನೆಯಲ್ಲಿ ಉಳಿದಳು. ತಿರುಗಿ ಹೋದ ದಿನ ಹೆಡ್‌ಮೇಡಂ ಅವಳ ಮುಖ ನೋಡಿ ಮರುಗಿದರು. "ತುಂಬಾ ಇಳಿದುಹೋಗಿದೀರಿ. ನೋಡ್ಕೊಳ್ಳೋಕೆ ಮನೇಲಿ ಯಾರೂ ಇಲ್ಲ, ಹುಷಾರಾಗಿರಿ."

"ಹೂಂ, ಯಾರೂ ಇಲ್ಲ" ಎಂದು ಟೀಚರ್ ತರಗತಿಗೆ ಹೋದಳು. ಅಂದಿನ ಪಾಠ ಮರುಭೂಮಿಯ ಗಾಳಿಗಳದು. ಚೆನ್ನಾಗಿಯೇ ಮಾಡಿದಳಂತೆ.