ಅಜ್ಜಿಯ ಕಡಗ ಮತ್ತು ಆಂಥ್ರೊಪಾಲಜಿ

ಹೆಣ ಅಂಗಳದಲ್ಲಿದೆ. ಮನೆಮಂದಿಯೆಲ್ಲ ಸೇರಿ ಹೈದರಾಬಾದಿನ ಒಬ್ಬ ಹುಡುಗಿಗೆ ಫೋನ್ ಹಚ್ಚಿ, "ಯವ್ವಾ, ನಮ್ಮಲ್ಲಿ ಹ್ಯಾಂಗ ಮಾಡ್ತಾರ?" ಅಂತ ಕೇಳುತ್ತಾರೆ. ನಂಬುತ್ತೀರಾ?

ನಾನೂ ನಂಬುತ್ತಿರಲಿಲ್ಲ. ಆದರೆ ಫೋನ್ ಇದ್ದದ್ದು ನನ್ನ ಕೈಯಲ್ಲೇ.

ಹೋದ ವಾರ ರಾಯಿಕೋಡಿನಲ್ಲಿ ನಮ್ಮ ದೊಡ್ಡಪ್ಪನ ಮಗ ಚಂದ್ರಣ್ಣ ತೀರಿಕೊಂಡ. ಜಹೀರಾಬಾದಿನಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಮನೆಯೊಳಗೆ ಅಳು ನಿಂತು ಜಗಳ ಶುರುವಾಗಿತ್ತು. ಅವನ ಹೆಂಡತಿ ಕಸ್ತೂರಿ ವೈನಿಯ ಬಳೆ ಒಡೆಯಬೇಕೋ, ಬೇಡವೋ?

"ಒಡೀಲೇಬೇಕು. ರಿವಾಜ ಅಂದ್ರ ರಿವಾಜ" ಅಂದಳು ತಾಂಡೂರಿನಿಂದ ಬಂದ ಗಂಗತ್ತಿ. ನಮ್ಮಪ್ಪನ ತಂಗಿ. ಹಿರಿಯರು ಅಂತ ಉಳಿದವಳು ಅವಳೊಬ್ಬಳೇ.

"ನಮ್ಮ ಮನ್ಯಾಗ ಆ ರಿವಾಜ ಇಲ್ಲತ್ತಿ" ಅಂದಳು ಚಂದ್ರಣ್ಣನ ತಂಗಿ ಶಾಂತಾ.

"ಮೊನ್ನಿ ಹುಟ್ಟಿದಾಕಿ, ನಿನಗೇನ್ ಗೊತ್ತು?"

"ನಿಮಗರೆ ಏನ್ ಗೊತ್ತು? ಅಜ್ಜ ಸತ್ತಾಗ ನೀವು ತೊಟ್ಟಿಲದಾಗ ಇದ್ರಿ!"

ಮಾತು ನಿಜ. ನಾವು ಕಂಡಾಗಿನಿಂದ ಅಜ್ಜಿಯ ಕೈಯಲ್ಲಿದ್ದದ್ದು ಬೆಳ್ಳಿ ಕಡಗ ಮಾತ್ರ. ಗಾಜಿನ ಬಳೆಯನ್ನು ಯಾರಾದರೂ ಒಡೆದರೋ, ತಾನೇ ತೆಗೆದಿಟ್ಟಳೋ, ಯಾರಿಗೆ ಗೊತ್ತು?

"ಆ ಸ್ವಪ್ನಾಗ ಫೋನ್ ಹಚ್ಚು" ಅಂದಳು ಗಂಗತ್ತಿ. "ಆಕಿಗಿ ಎಲ್ಲ ಗೊತ್ತದ. ದಿನಾ ನಮ್ಮವ್ವನ ಬಾಜೂಕೇ ಕುಂತಿರ್ತಿದ್ಳು."

ಸ್ವಪ್ನಾ ಹೈದರಾಬಾದಿನ ತೆಲುಗು ಮನೆಯ ಹುಡುಗಿ. ಅಜ್ಜಿ ಇದ್ದಾಗ, ಆಂಥ್ರೊಪಾಲಜಿ ಓದುತ್ತೀನಿ ಅಂತ ರಾಯಿಕೋಡಿಗೆ ಬಂದು, ನಮ್ಮ ಮಾತು ಕಲಿತು, ಅಜ್ಜಿಯ ಜೋಡಿ ರೊಟ್ಟಿ ಬಡಿಯುತ್ತ ಪ್ರಶ್ನೆ ಕೇಳುತ್ತಿದ್ದಳು. "ಅದು ಕಾಡಿನ ಜನರ ಮೇಲಿನ ಓದು ಅಲ್ಲೇನವ್ವಾ?" ಅಂತ ನಾನು ನಕ್ಕಿದ್ದೆ. (ನಾವು ಆ ಪದ ಬಳಸುವುದೇ ಹಾಗಲ್ಲವೇ? ದೂರದವರಿಗೆ, ಗರಿ ಕಟ್ಟಿಕೊಂಡು ಕುಣಿಯುವವರಿಗೆ.) ಅವಳೂ ನಕ್ಕಳು. "ಗ್ರೀಕಿನಾಗ ಆಂಥ್ರೊಪೋಸ್ ಅಂದ್ರ ಮನುಷ್ಯರಿ. ನೀವು ಮನುಷ್ಯರಲ್ಲೇನು?" ಅಂದಿದ್ದಳು.

ಸ್ಪೀಕರ್ ಹಾಕಿದೆ. ವಿಷಯ ಹೇಳಿದೆ. ಸ್ವಪ್ನಾ ಹೇಳಿದಳು:

"ಅಜ್ಜಿ ಹೇಳಿದ್ರು. ಅಜ್ಜ ಹೋದಾಗ ಅವರ ಗಾಜಿನ ಬಳಿ ಕಲ್ಲಿಗಿ ಕುಟ್ಟಿ ಒಡದ್ರಂತ. ಗಾಜು ಮುಂಗೈಯಾಗ ಹೊಕ್ಕಿತ್ತಂತ. ಆ ಕಲೆ ಮಕ್ಕಳಿಗಿ ಕಾಣಬಾರ್ದಂತ ಕಡಗ ಹಾಕ್ಕೊಂಡ್ರಂತರಿ."

ಆ ಕಡಗ ಹಿಡಿದು ಜೋತಾಡಿ ಬೆಳೆದವರು ನಾವು! ಒಬ್ಬರಾದರೂ ಅದನ್ನು ಸರಿಸಿ ನೋಡಿದ್ದೆವೇ?

ಗಂಗತ್ತಿ ಗೋಡೆಗೆ ಆತು ಕುಸಿದು ಕೂತಳು. "ಹೊಟ್ಟಿ ಮಗಳು ನಾ. ನನಗ್ಯಾಕ ಹೇಳಲಿಲ್ಲ ನಮ್ಮವ್ವ?"

"ಹಂಗಾರ ಈಗೇನ್ ಮಾಡೋದವ್ವಾ?" ಅಂತ ಫೋನಿಗೇ ಕೇಳಿದೆ.

"ಅದು ನಾ ಹೇಳಂಗಿಲ್ರಿ. ಕಸ್ತೂರಕ್ಕ ಏನಂತಾರ?"

ಆಗ ನಾವೆಲ್ಲ ಮೂಲೆಯ ಕಡೆ ತಿರುಗಿದೆವು. ವೈನಿ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. ನಾನು ಬಂದಾಗಿನಿಂದ ಹಾಗೇ ಕೂತಿದ್ದಳೇನೋ. ಯಾರು ನೋಡಿದ್ದರು?

"ಈ ಮನಿಗಿ ಬರೋಕಿಂತ ಮೊದಲೇ ನನ್ನ ಕೈಯಾಗ ಬಳಿ ಇದ್ವು" ಅಂದಳು, ಯಾರ ಮುಖವನ್ನೂ ನೋಡದೆ. "ನಮ್ಮವ್ವ ತೊಡಿಸಿದ್ಳು. ಅವರು ಹೋದ್ರ ನನ್ನ ಕೈ ಏನ್ ತಪ್ಪು ಮಾಡ್ಯಾವ?"

ಗಂಗತ್ತಿ ಎದ್ದಳು. ಅವಳು ಹೋಗಿ ವೈನಿಯ ಕೈಗಳ ಮೇಲೆ ಸೆರಗು ಇನ್ನಷ್ಟು ಎಳೆದು ಮುಚ್ಚಿ, "ಯಾರೂ ಮುಟ್ಟಬ್ಯಾಡ್ರಿ. ಮುಂದಿನ ಕೆಲಸ ನೋಡ್ರಿ" ಅಂದಳು.

ಪಕ್ಕದಲ್ಲೇ ಕೂತವಳನ್ನು ಒಂದು ಮಾತು ಕೇಳುವುದಕ್ಕೆ ನಾವು ಹೈದರಾಬಾದಿಗೆ ಫೋನ್ ಹಚ್ಚಬೇಕಾಯಿತು. ನಿಮ್ಮ ಮನೆಯಲ್ಲಿ ಇನ್ನೂ ಯಾರನ್ನು ಕೇಳಿಲ್ಲ?