ರಂಗವ್ವನ ಬುಟ್ಟಿಗೆ ಹತ್ತಿದ ಮಾತು

ಹೆಸರು ಹಾಕದೆ ಕಳಿಸಿದ ಆ ಎರಡು ಸಾಲು ವರದಾಳ ತಲೆಯಿಂದ ಇಳಿಯಲೊಲ್ಲವು. ಮಗಳು ಅನಘಾಳ ಜಡೆ ಹೆಣೆಯುವಾಗ ಅವೇ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಎರಡೆರಡು ಸಲ ಅಡುಗೆಮನೆಗೆ ಹೋಗಿ ನೋಡುವಾಗಲೂ ಅವೇ. ಇಳಕಲ್ಲಿನಲ್ಲಿ ಅನಘಾ ಓದುವ ಶಾಲೆಯ ಆ್ಯಪ್‌ನಲ್ಲಿ ಪಾಲಕರು ದೂರು ಬರೆಯಲು ಒಂದು ಜಾಗವಿದೆ, ಹೆಸರು ಕಡ್ಡಾಯವಲ್ಲ. ಅಲ್ಲಿ ಅವಳು ಬರೆದಿದ್ದಳು: 'ಊಟ ಕೊಡುವ ಹೆಂಗಸು ಮಕ್ಕಳು ಬಿಟ್ಟ ರೊಟ್ಟಿಯನ್ನು ಮತ್ತೆ ಬುಟ್ಟಿಗೇ ಹಾಕಿಕೊಳ್ಳುತ್ತಾಳೆ. ಮರುದಿನ ಮಕ್ಕಳು ತಿನ್ನುವುದು ಎಂಜಲೇ ಇರಬಹುದು.' ಅದಾಗಿ ಮೂರನೆಯ ದಿನಕ್ಕೆ ರಂಗವ್ವ ಶಾಲೆಗೆ ಬರುವುದು ನಿಂತಿತು.

ರಂಗವ್ವ ಗುಡೂರಿನವಳು. ಗಂಡ ಮುದಕಪ್ಪ ಕುರಿ ಹಿಂಡಿನ ಹಿಂದೆ ವರ್ಷದ ಅರ್ಧ ಊರೂರು ತಿರುಗುವವನು. ಮನೆ, ಎಮ್ಮೆ, ಒಲೆ ಎಲ್ಲ ಇವಳ ಪಾಲು. ನಸುಕಿಗೆದ್ದು ರೊಟ್ಟಿ ಬಡಿದು, ಬಿಳಿ ಧೋತರದಲ್ಲಿ ಸುತ್ತಿ ಬುಟ್ಟಿಗಿಟ್ಟು, ಮೊಸರು ಹೆಪ್ಪುಗಟ್ಟಿದ ಮಣ್ಣಿನ ಕುಡಿಕೆಗಳನ್ನು ಇನ್ನೊಂದು ಬುಟ್ಟಿಯಲ್ಲಿ ಜೋಡಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಹನ್ನೆರಡು ವರ್ಷ ಆ ಶಾಲೆಯ ಪಡಸಾಲೆಯೇ ಅವಳ ಜಾಗ. ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ, ಪಕ್ಕಕ್ಕೆ ಚಟ್ನಿಪುಡಿಯಂಥ ಗುರೆಳ್ಳ ಹಿಂಡಿ. ತಾಟಿಲ್ಲ, ಚಮಚವಿಲ್ಲ. ಪಲ್ಯವೂ ಆಯಾ ಕಾಲದ್ದು: ಒಮ್ಮೆ ಪುಂಡಿ ಸೊಪ್ಪು, ಒಮ್ಮೆ ಮಡಕಿಕಾಳು, ಒಮ್ಮೆ ಹೊಲದ ಬದುವಿನಲ್ಲಿ ಕಿತ್ತ ಹಸಿ ಸೊಪ್ಪು. ಬರಿದಾದ ಕುಡಿಕೆಗಳನ್ನು ಎಣಿಸಿ ಮನೆಗೊಯ್ದು ತೊಳೆದು ಬಿಸಿಲಿಗಿಡುವಳು. ನೂರು ಮಕ್ಕಳು ಉಂಡೆದ್ದ ಮೇಲೆ ಆ ಪಡಸಾಲೆಯಲ್ಲಿ ಗುಡಿಸಲು ಒಂದು ಹಿಡಿ ಕಸ ಸಿಗುತ್ತಿರಲಿಲ್ಲ.

ವರದಾ ಇದನ್ನೆಲ್ಲ ಕಂಡವಳಲ್ಲ. ಹುಬ್ಬಳ್ಳಿಯಲ್ಲಿ ಬೆಳೆದು ಓದಿದವಳು. ಹಾಸ್ಟೆಲಿನ ಊಟ ತಿಂದು ವಾರಗಟ್ಟಲೆ ದವಾಖಾನೆಯಲ್ಲಿ ಮಲಗಿದ ಮೇಲೆ ಹೊರಗಿನ ಅನ್ನವೆಂದರೆ ಎದೆ ಹೊಡೆದುಕೊಳ್ಳುತ್ತದೆ. ಅವತ್ತು ಮಗಳನ್ನು ಬೇಗ ಕರೆದೊಯ್ಯಲು ಬಂದಾಗ ರಂಗವ್ವ ಮಕ್ಕಳು ಬಿಟ್ಟ ರೊಟ್ಟಿಯಂಚುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಒಂದು ಮಾತು ಕೇಳಬಹುದಿತ್ತು. ಕೇಳದೆ ಫೋನು ತೆಗೆದಳು.

ರಂಗವ್ವನ ಬದಲು ಈಗ ಬಾಗಲಕೋಟೆಯಿಂದ ವ್ಯಾನು ಬರುತ್ತದೆ. ವ್ಯಾನಿನ ಮೈಮೇಲೆ ಹಸಿರು ಎಲೆ, 'ಸಿರಿಧಾನ್ಯ, ಶುದ್ಧ, ಪರಿಸರಸ್ನೇಹಿ' ಎಂಬ ದಪ್ಪಕ್ಷರ. ಒಳಗೆ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಬೆಳ್ಳಿಬಣ್ಣದ ಹಾಳೆ, ಹಾಳೆಯೊಳಗೆ ಚಪಾತಿ, ಜೊತೆಗೊಂದು ಚಮಚ, ಚಮಚಕ್ಕೂ ಒಂದು ಕವರು. ಅದೇ ವಾರ ಶಾಲೆಯ ಗೇಟಿಗೆ 'ನಮ್ಮದು ಹಸಿರು ಶಾಲೆ' ಎಂಬ ಬೋರ್ಡೂ ಬಂತು. ಬೋರ್ಡಿನ ಹಿಂದಿನ ಗೋಡೆಯಾಚೆ ಒಂದು ಆಕಳು ನಿಂತು ಬೆಳ್ಳಿಬಣ್ಣದ ಹಾಳೆ ಅಗಿಯುತ್ತಿತ್ತು.

ವರದಾಳಿಗೆ ಸಿಟ್ಟು ನೆತ್ತಿಗೇರಿದ್ದು ಅನಘಾಳ ಕಂಪಾಸು ಪೆಟ್ಟಿಗೆ ತೆರೆದಾಗ. ಪೆನ್ಸಿಲ್ಲಿಗೆ ಜಾಗವಿಲ್ಲದಂತೆ ಬಿಳಿ ಚಮಚ, ಒಟ್ಟು ಒಂಬತ್ತು. "ದಿನಾ ಹೊಸಾದು ಕೊಡ್ತಾರಮ್ಮಾ" ಎಂದು ಮಗಳು ಖುಷಿಯಿಂದ ಹೇಳಿದಳು.

ಮರುದಿನವೇ ಹೆಡ್‌ಮಾಸ್ಟರ್ ಪ್ರೇಮಕುಮಾರ ಅವರೆದುರು ಹೋಗಿ ನಿಂತಳು. ಇದ್ಯಾವ ಹಸಿರು, ದನದ ಹೊಟ್ಟೆಗೆ ಪ್ಲಾಸ್ಟಿಕ್ ತುಂಬುವುದು ಹಸಿರೇ, ಮಕ್ಕಳಿಗೆ ಇದನ್ನೇ ಕಲಿಸುತ್ತೀರಾ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಅವರು ಬೇಜಾರು ಮಾಡಿಕೊಳ್ಳದೆ ಒಂದು ಹಾಳೆ ಮುಂದಿಟ್ಟರು. ಅವಳದೇ ಎರಡು ಸಾಲು, ಅಚ್ಚಾಗಿ.

"ನಾವೇನ್ ಮಾಡೂದ್ರಿ ಮೇಡಂ? ಯಾರೋ ಕಾಳಜಿ ಇರೋ ತಾಯಿ ಬರದಾರ. ಶನಿವಾರ ಕಮಿಟಿ ಮೀಟಿಂಗ್ ಐತಿ, ವರ್ಷಪೂರ್ತಿ ವ್ಯಾನನ್ನ ಖಾಯಂ ಮಾಡ್ತೇವಿ. ಬರದವರ ಬಂದು ನಂದು ತಪ್ಪಾತು ಅಂದ್ರ ಬ್ಯಾರೆ ಮಾತು. ಹೆಸರಿಲ್ಲದವರನ್ನ ಎಲ್ಲಿ ಹುಡಕೋಣ್ರಿ?"

ವರದಾ ಹೊರಬಂದಳು. ರಂಗವ್ವ ಈಗ ಬಸ್‌ಸ್ಟ್ಯಾಂಡಿನ ಗೋಡೆಯ ಬದಿ ರೊಟ್ಟಿ ಮಾರುತ್ತ ಕೂಡುತ್ತಾಳೆಂದು ಗೇಟು ಕಾಯುವ ನಜೀರಸಾಬ ಹೇಳಿದ. ಫೋನ್ ನಂಬರನ್ನೂ ಅವನೇ ಕೊಟ್ಟ. ಆದರೆ ಅವಳು ನಡೆದೇ ಹೋದಳು.

ರಂಗವ್ವ ಅವಳನ್ನು ನೋಡಿದ್ದೇ ಸರಿದು ನೆರಳಿನಲ್ಲಿ ಜಾಗ ಮಾಡಿದಳು. "ಬರ್ರಿ ಬಾಯಾರ. ಹುಡುಗಿ ಉಣ್ತದೇನು? ಅದು ರೊಟ್ಟಿ ನಡುವಿಂದಷ್ಟ ತಿಂದು ಅಂಚು ನನಗ ಬಿಡ್ತಿತ್ತು, ಅತ್ತಿಗಂತ ಪಾಲು ತೆಗೆದಿಟ್ಟಂಗ."

ಆ ಅಂಚುಗಳನ್ನು ಏನು ಮಾಡುತ್ತಿದ್ದಿರಿ ಎಂದು ವರದಾ ಕೇಳಿದಳು.

"ಹನ್ನೆರಡ ವರ್ಷದಾಗ ಕೇಳಿದಾಕಿ ನೀವ ಮೊದಲನೇದಾಕಿ. ಇನ್ನೊಬ್ಬಾಕಿ ಕೇಳದನ ಬರದಾಳ." ರಂಗವ್ವ ಬುಟ್ಟಿಯ ತಳದಿಂದ ಗೋಣಿಚೀಲವೊಂದನ್ನು ಎಳೆದು ತೋರಿಸಿದಳು. ಅಂಚು, ಸೊಪ್ಪಿನ ದಂಟು, ಉಳ್ಳಾಗಡ್ಡಿ ಸಿಪ್ಪೆ. "ಇದು ಎಮ್ಮಿ ಪಾಲು. ಜೋಳ ಹೊಲದಾಗಿಂದು, ಚೆಲ್ಲಾಕ ಮನಸ್ ಬರೂದಿಲ್ಲ."

ಚೀಲವನ್ನು ಮತ್ತೆ ಬುಟ್ಟಿಯ ತಳಕ್ಕೆ ತುರುಕಿದಳು. ಹೊಟ್ಟೆಯ ಮೇಲೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ, ಬಸ್‌ಸ್ಟ್ಯಾಂಡಿನಲ್ಲೂ ಗಿರಾಕಿ ಇದ್ದಾರೆ ಎಂದಳು. ಆದರೆ ಮಾತು ಗುಡೂರಿಗೂ ಮುಟ್ಟಿತ್ತು. "ಬೀರಪ್ಪನ ಪೂಜಿಗೆ ನಮ್ಮನಿಯಿಂದ ರೊಟ್ಟಿ ಹೋಗೂದು ನಮ್ಮತ್ತಿ ಕಾಲದಿಂದ. ಎಂಜಲಾ ಉಣಿಸಿದಾಕಿ ರೊಟ್ಟಿ ದೇವರಿಗೆ ಹೆಂಗ ಇಡೂದು ಅಂತ ಓಣ್ಯಾಗ ಕೇಳಾಕತ್ತಾರ. ಬರೂ ಸೋಮವಾರ ಪೂಜಿ ಐತ್ರಿ. ಬುಟ್ಟಿ ಹೊತ್ಕೊಂಡ ಹೋಗಿ ತಿರುಗಿ ಬಂದ್ರ ಆ ಮನುಷ್ಯಾಗ ಏನ್ ಹೇಳ್ಲಿ?"

ಆ ಮನುಷ್ಯ ಎಂದರೆ ಮುದಕಪ್ಪ. ವರದಾಳ ಬಾಯಿಗೆ ಸತ್ಯ ಬಂತು, ಹೊರಗೆ ಬರಲಿಲ್ಲ. ರಂಗವ್ವ ಅವಳ ಅಂಗೈ ಮೇಲೆ ರೊಟ್ಟಿ ಇಟ್ಟು ಪಲ್ಯ ಹಾಕಿದಳು. ನಿಂತಲ್ಲೇ ತಿಂದು ಮನೆಗೆ ಬಂದಳು.

ಮನೆಯಲ್ಲಿ ಯಾರ ಮೇಲೆ ಸಿಟ್ಟು ತೀರಿಸಬೇಕೆಂದೇ ತಿಳಿಯಲಿಲ್ಲ. ವ್ಯಾನಿನ ಎಲೆಯ ಮೇಲೆ, ಶಾಲೆಯ ಬೋರ್ಡಿನ ಮೇಲೆ, ಶುಚಿತ್ವವೆಂದರೆ ಪ್ಯಾಕೆಟ್ಟು ಎಂದು ತಿಳಿದ ಎಲ್ಲ ಓದಿದ ತಲೆಗಳ ಮೇಲೆ. ಆ ಸಾಲಿನಲ್ಲಿ ಮೊದಲನೆಯ ತಲೆ ತನ್ನದೇ ಅಲ್ಲವೆ? ಭೂಮಿ ಉಳಿಯಲೆಂದು ಆನ್‌ಲೈನಿನಲ್ಲಿ ತರಿಸಿದ ಬಿದಿರಿನ ಹಲ್ಲುಜ್ಜುವ ಬ್ರಷ್ಷು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಬಂದಿತ್ತು. ಅದನ್ನು ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದವಳೂ ತಾನೇ.

ಗಂಡ ಸತ್ಯಬೋಧ ಎಲ್ಲ ಕೇಳಿ, ಹೆಸರು ಹೊರಗೆ ಬಿದ್ದರೆ ಮಗು ಅದೇ ಶಾಲೆಯಲ್ಲಿ ಓದಬೇಕು, ಎರಡು ತಿಂಗಳಲ್ಲಿ ಜನ ಮರೆಯುತ್ತಾರೆ, ಸುಮ್ಮನಿರು ಎಂದ.

"ನೀವು ಮರೀತೀರಿ, ನಾನೂ ಮರೀತೇನಿ. ಸೋಮವಾರ ಬುಟ್ಟಿ ಹೊತ್ಕೊಂಡು ಹೋಗಾಕಿ ಹೆಂಗ ಮರೀಬೇಕು?" ಎಂದಳು ವರದಾ. ಅವನು ಪೇಪರು ಮಡಚಿಟ್ಟ.

ಶುಕ್ರವಾರ ಮಧ್ಯಾಹ್ನ ಎರಡು ಸಲ ನಂಬರು ಒತ್ತಿ ಅಳಿಸಿದಳು. ಮೂರನೆಯ ಸಲ ರಿಂಗಾಯಿತು.

"ಯಾರ್ರಿ?"

"ನಾ ವರದಾ, ರಂಗವ್ವ. ಅನಘಾನ ತಾಯಿ. ಸಾಲಿಗೆ ದೂರು ಬರದಾಕಿ ನಾನ. ನಿಮ್ಮನ್ನ ಕೇಳದನ ಬರದೆ."

ಆ ಕಡೆಯಿಂದ ಹುನಗುಂದ, ಹುನಗುಂದ ಎಂದು ಕಂಡಕ್ಟರು ಕೂಗುವುದು ಕೇಳಿಸಿತು. ಬಸ್ಸು ಹೊರಟ ಸದ್ದೂ ಕೇಳಿಸಿತು.

"ನಿನ್ನಿ ನನ್ನ ರೊಟ್ಟಿ ತಿಂದ ಹ್ವಾದ್ರಲ್ಲ ಬಾಯಾರ," ಎಂದಳು ರಂಗವ್ವ. "ಆವಾಗ್ಯಾಕ ಬಾಯಿ ಬಿಡಲಿಲ್ಲ?"

"ಹೆದರಿಕಿ ಆತು."

"ನನಗೊಬ್ಬಾಕಿಗೆ ಫೋನಿನ್ಯಾಗ ಹೇಳಿದ್ರ ಊರ ಬಾಯಿ ಮುಚ್ಚೂದಿಲ್ರಿ. ನಾಳೆ ಮೀಟಿಂಗಿನ್ಯಾಗ ಎಲ್ಲಾರ ಮುಂದ ಹೇಳ್ರಿ. ನಮ್ಮೂರಿನ ಇಬ್ಬರನ್ನ ಕರಕೊಂಡ ಬಂದು ನಾನೂ ಬಾಗಲದಾಗ ನಿಂದರತೇನಿ."

"ಹೇಳ್ತೇನಿ. ನನ್ನ ಹೆಸರು ಹಚ್ಚಿ ಹೇಳ್ತೇನಿ."

"ಎಷ್ಟೊತ್ತಿಗ್ರಿ?"

"ಹತ್ತಕ್ಕ."

"ತಡಾ ಮಾಡಬ್ಯಾಡ್ರಿ ಮತ್ತ. ಹನ್ನೊಂದರ ಬಸ್ಸಿಗೆ ನನ್ನ ಗಿರಾಕಿ ಇರತಾರ," ಎಂದು ರಂಗವ್ವ ಫೋನಿಟ್ಟಳು.